ಕಡಲಮಟ್ಟದವರ ಎವರೆಸ್ಟ್ ಬೇಸ್ ಕ್ಯಾಂಪ್

ಕಾರವಾರದ ಕಡಲತೀರದಲ್ಲಿ ನಿಂತರೆ ನಮ್ಮ ಎತ್ತರ ಹೆಚ್ಚುಕಮ್ಮಿ ಸೊನ್ನೆ. ನೇಪಾಳದ ಎವರೆಸ್ಟ್ ಬೇಸ್ ಕ್ಯಾಂಪ್ ಇರುವುದು 5,364 ಮೀಟರಿನಲ್ಲಿ. ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರಿಗೆ ಮುಗಿದುಹೋಗುತ್ತದೆ. ನಡಿಗೆ ಶುರುವಾಗುವ ಲುಕ್ಲಾದ ವಿಮಾನ ನಿಲ್ದಾಣವೇ ಅದಕ್ಕಿಂತ 900 ಮೀಟರ್ ಮೇಲಿದೆ. ಹಾಗಾಗಿ ಕಾಲನ್ನು ಇಲ್ಲಿ ಪಳಗಿಸಬಹುದು, ತೆಳುಗಾಳಿಗೆ ಮೈ ಒಗ್ಗಿಸಲು ಮಾತ್ರ ನಮ್ಮಲ್ಲಿ ಜಾಗವೇ ಇಲ್ಲ. ಆ ಕೆಲಸ ಅಲ್ಲೇ, ನಡೆಯುತ್ತ ನಡೆಯುತ್ತ ಆಗಬೇಕು. ಟ್ರೆಕ್ಕಿಂಗ್ ಕಂಪನಿಯವರ ಪಟ್ಟಿ ಕೈಗೆ ಬಂದರೆ ದರ ನೋಡುವ ಮೊದಲು ದಿನ ಎಣಿಸಿ.

ದಿನದ ಲೆಕ್ಕ

ಲುಕ್ಲಾದಿಂದ ಹೋಗಿ ಬರಲು ಸುಮಾರು 130 ಕಿ.ಮೀ. ಇದಕ್ಕೆ 12 ದಿನ ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಏರಿಸಬಾರದು, ಮೂರು–ನಾಲ್ಕು ದಿನಕ್ಕೊಮ್ಮೆ ಅಲ್ಲೇ ಇನ್ನೊಂದು ರಾತ್ರಿ ಉಳಿಯಬೇಕು ಎಂಬುದು ವೈದ್ಯರ ಸೂತ್ರ. ಫಾಕ್ದಿಂಗ್‌ನಿಂದ (2,610 ಮೀ.) ನಾಮ್ಚೆ ಬಜಾರಿಗೆ (3,440 ಮೀ.) ಒಂದೇ ದಿನ 830 ಮೀಟರ್ ಏರಿಕೆ. ಅದನ್ನು ತಪ್ಪಿಸಲಾಗದು, ಅದಕ್ಕೇ ನಾಮ್ಚೆಯಲ್ಲಿ ಎರಡು ರಾತ್ರಿ. ಮುಂದೆ ತೆಂಗ್‌ಬೋಚೆ ದಾಟಿ ದಿಂಗ್‌ಬೋಚೆಯಲ್ಲಿ (4,410 ಮೀ.) ಮತ್ತೆ ಎರಡು ರಾತ್ರಿ. ಆಮೇಲೆ ಲೋಬುಚೆ, ಗೋರಕ್‌ಶೆಪ್, ಬೇಸ್ ಕ್ಯಾಂಪ್.

ಈ ‘ವಿಶ್ರಾಂತಿ ದಿನ’ ಹೊದ್ದು ಮಲಗುವುದಕ್ಕಲ್ಲ. ಹಗಲು ಮುನ್ನೂರು–ನಾನೂರು ಮೀಟರ್ ಹತ್ತಿ, ಇಳಿದು ಬಂದು ಕೆಳಗೆ ಮಲಗಬೇಕು. ಈ ಎರಡು ದಿನ ಕತ್ತರಿಸಿ ‘ಕಡಿಮೆ ದರದ ಪ್ಯಾಕೇಜ್’ ಎನ್ನುವವರಿಗೆ ದೂರದಿಂದಲೇ ಕೈ ಮುಗಿಯಿರಿ.

ಇನ್ನೊಂದು ಮಾತು. ಬೇಸ್ ಕ್ಯಾಂಪಿನಲ್ಲಿ ನಿಂತರೆ ಎವರೆಸ್ಟಿನ ತುದಿ ಕಾಣುವುದಿಲ್ಲ. ಅದನ್ನು ನೋಡಲು ಮರುದಿನ ನಸುಕಿಗೆ ಎದ್ದು ಗೋರಕ್‌ಶೆಪ್ ಪಕ್ಕದ ಕಾಲಾಪತ್ಥರ್ ಗುಡ್ಡ ಹತ್ತಬೇಕು. ಪಟ್ಟಿಯಲ್ಲಿ ಅದು ಇದೆಯೋ ಕೇಳಿ. ಲುಕ್ಲಾದಲ್ಲಿ ಮೋಡ ಕವಿದರೆ ವಿಮಾನ ಹಾರುವುದಿಲ್ಲವಾದ್ದರಿಂದ, ಕೊನೆಗೆ ಎರಡು ದಿನ ಖಾಲಿ ಇಟ್ಟುಕೊಂಡೇ ದಿಲ್ಲಿಯ ಟಿಕೆಟ್ ಮಾಡಿಸಿ.

ಯಾವ ತಿಂಗಳು?

ಮಾರ್ಚ್‌ನಿಂದ ಮೇ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ನವೆಂಬರ್. ಶಿರಸಿ ಕಡೆಯ ಅಡಿಕೆ ತೋಟದವರಿಗೆ ಅಕ್ಟೋಬರ್ ಹೇಳಿ ಮಾಡಿಸಿದ್ದು: ಕೊಳೆಗೆ ಮದ್ದು ಹೊಡೆದು ಮುಗಿದಿರುತ್ತದೆ, ಕೊನೆಕೊಯ್ಲು ಶುರುವಾಗಿರುವುದಿಲ್ಲ. ಆದರೆ ನಮ್ಮ ದಸರಾದ ಹೊತ್ತಿಗೇ ಅಲ್ಲಿ ದಶೈಂ ಹಬ್ಬ, ಪೋರ್ಟರುಗಳೂ ಮನೆ ಸೇರುತ್ತಾರೆ. ಬೇಗ ಕಾಯ್ದಿರಿಸಬೇಕು.

ಕಾಲು ಪಳಗಿಸುವುದು

ಅಕ್ಟೋಬರಿಗೆ ಹೊರಡುವವರ ತಯಾರಿ ಪೂರ್ತಿ ನಮ್ಮ ಮಳೆಗಾಲಕ್ಕೇ ಬೀಳುತ್ತದೆ. ‘ಮಳೆ ಬಿಡಲಿ’ ಎಂದು ಕಾದರೆ ಕೆಟ್ಟಿರಿ. ನಾಲ್ಕು ತಿಂಗಳ ಮೊದಲೇ ಶುರುಮಾಡಿ. ವಾರದಲ್ಲಿ ನಾಲ್ಕು ದಿನ ಬಿರುಸಿನ ನಡಿಗೆ, ಒಂದು ದಿನ ಏರು. ಕಾರವಾರದವರಿಗೆ ಗುಡ್ಡಳ್ಳಿ ಇದೆ, ಘಟ್ಟದ ಮೇಲಿನವರಿಗೆ ದೇವಿಮನೆ ಘಟ್ಟವಿದೆ, ಏನೂ ಇಲ್ಲದಿದ್ದರೆ ನಾಲ್ಕು ಮಹಡಿಯ ಮೆಟ್ಟಿಲಾದರೂ ಇದ್ದೇ ಇದೆ. ಕೊನೆಯ ಎರಡು ತಿಂಗಳು ಬೆನ್ನಚೀಲದಲ್ಲಿ ಆರು ಕಿಲೊ ಅಕ್ಕಿ ಹಾಕಿಕೊಳ್ಳಿ. ಹೀಗೆ ಘಟ್ಟ ಹತ್ತುವಾಗ ಬೈಕಿನವರು ನಿಲ್ಲಿಸಿ ‘ಹತ್ತಿ, ಬಿಡ್ತೆ’ ಎನ್ನುತ್ತಾರೆ. ಬೇಡವೆಂದರೆ ತಲೆ ಸರಿ ಇದೆಯೋ ಎಂಬಂತೆ ನೋಡಿ ಹೋಗುತ್ತಾರೆ. ಉಂಬಳದ ಕಾಟವೂ ಸೇರಿ ಇದೆಲ್ಲ ತಾಲೀಮೇ.

ಏರಿನಷ್ಟೇ ಇಳಿತವನ್ನೂ ಅಭ್ಯಾಸ ಮಾಡಿ. ನನ್ನ ಮೊಣಕಾಲು ಮಾತಾಡಿದ್ದು ಹತ್ತುವಾಗಲ್ಲ, ನಾಮ್ಚೆಯಿಂದ ಕೆಳಗಿಳಿಯುವಾಗ.

ಕಾಗದ, ಕಾಸು

ಭಾರತೀಯರಿಗೆ ವೀಸಾ ಬೇಡ. ವಿಮಾನದಲ್ಲಿ ಹೋಗುವವರಿಗೆ ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಬೇಕು. 15ರಿಂದ 65 ವರ್ಷದೊಳಗಿನವರಿಗೆ ಆಧಾರ್ ನಡೆಯುವುದಿಲ್ಲ. ಸಾಗರಮಾಥಾ ರಾಷ್ಟ್ರೀಯ ಉದ್ಯಾನದ ಪ್ರವೇಶಕ್ಕೆ ಸಾರ್ಕ್ ದೇಶದವರಿಗೆ ಬೇರೆಯವರಿಗಿಂತ ಕಡಿಮೆ ದರ, ಗುರುತಿನ ಚೀಟಿ ಅಲ್ಲಿಯೂ ಬೇಕು. ನಮ್ಮ 1 ರೂಪಾಯಿಗೆ ನೇಪಾಳದ 1.60. ನಾಮ್ಚೆ ದಾಟಿದ ಮೇಲೆ ನಗದೇ ಗತಿ: ಮೊಬೈಲ್ ಚಾರ್ಜಿಗೆ, ಬಿಸಿನೀರ ಸ್ನಾನಕ್ಕೆ, ವೈಫೈಗೆ ಎಲ್ಲಕ್ಕೂ ಬೇರೆ ಬೇರೆ ದುಡ್ಡು.

ವಿಮೆಯಲ್ಲಿ ಜಿಪುಣತನ ಬೇಡ. 6,000 ಮೀಟರ್‌ವರೆಗಿನ ಟ್ರೆಕ್ಕಿಂಗ್ ಮತ್ತು ಹೆಲಿಕಾಪ್ಟರ್ ರಕ್ಷಣೆ ಎರಡೂ ಪಾಲಿಸಿಯಲ್ಲಿ ಬರೆದಿರಬೇಕು.

ಕಂಪನಿಗೆ ಕೇಳಬೇಕಾದ್ದು: ಲುಕ್ಲಾ ವಿಮಾನ ಕಠ್ಮಂಡುವಿನಿಂದಲೋ, ರಾಮೇಛಾಪ್‌ನ ಮಂಥಲಿಯಿಂದಲೋ? ಸೀಸನ್ನಿನಲ್ಲಿ ಮಂಥಲಿಯೇ ಹೆಚ್ಚು, ಅಲ್ಲಿಗೆ ನಡುರಾತ್ರಿ ಹೊರಟು ನಾಲ್ಕೈದು ತಾಸು ಜೀಪಿನಲ್ಲಿ ಕೂರಬೇಕು. ಗೈಡ್ ಬಳಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಇರುತ್ತದೆಯೇ? ಪೋರ್ಟರಿಗೆ ವಿಮೆ, ಬೆಚ್ಚನೆ ಬಟ್ಟೆ ಇದೆಯೇ, ಎಷ್ಟು ಹೊರೆ ಹೊರಿಸುತ್ತೀರಿ? ಈ ಕೊನೆಯ ಪ್ರಶ್ನೆಗೆ ತಡವರಿಸಿದರೆ ಬೇರೆ ಕಂಪನಿ ಹುಡುಕಿ.

ಚೀಲ

ಲುಕ್ಲಾ ವಿಮಾನದಲ್ಲಿ ಎಲ್ಲ ಸೇರಿ 15 ಕಿಲೊ. ನಮ್ಮಲ್ಲಿ ಸ್ವೆಟರ್ ಇದ್ದರೆ ಅದೇ ದೊಡ್ಡದು. ದಪ್ಪ ಡೌನ್ ಜಾಕೆಟ್, ಸ್ಲೀಪಿಂಗ್ ಬ್ಯಾಗ್ ಕೊಳ್ಳುವ ಬದಲು ಕಠ್ಮಂಡುವಿನ ಥಮೇಲ್‌ನಲ್ಲಿ ಬಾಡಿಗೆಗೆ ಪಡೆಯಿರಿ. ಬೂಟು ಮಾತ್ರ ಇಲ್ಲೇ ಕೊಂಡು, ಮಳೆಯಲ್ಲೇ ಸವೆಸಿ ಹೊರಡಿ. ಹತ್ತಿಯ ಬನಿಯನ್ ಬೆವರು ಹಿಡಿದಿಟ್ಟು ಮೈ ತಣ್ಣಗಾಗಿಸುತ್ತದೆ, ಬೇಡ.

ಊಟಕ್ಕೆ ದಾಲ್ ಭಾತ್. ಈ ದಾರಿ ಸಾಗುವ ಖುಂಬು ಕಣಿವೆಯಲ್ಲಿ ಪ್ರಾಣಿವಧೆ ಇಲ್ಲ, ಮಾಂಸ ಕೆಳಗಿನಿಂದ ದಿನಗಟ್ಟಲೆ ಹೊತ್ತು ತಂದದ್ದು. ಆದ್ದರಿಂದ ಮೀನಿಲ್ಲದೆ ತುತ್ತಿಳಿಯದ ಕರಾವಳಿಯವರೂ ಹನ್ನೆರಡು ದಿನ ಸಸ್ಯಾಹಾರಿಗಳಾಗುವುದು ಕ್ಷೇಮ. ಒಂದು ಪೊಟ್ಟಣ ಚಟ್ನಿಪುಡಿ ಇಟ್ಟುಕೊಳ್ಳಿ. ಅಪ್ಪೆಮಿಡಿಯ ಬಾಟಲಿ ಒಯ್ಯಬೇಡಿ. ಸೋರಿದರೆ ಸ್ಲೀಪಿಂಗ್ ಬ್ಯಾಗಿನ ಗತಿ ನಾನು ಕಂಡಿದ್ದೇನೆ.

ತಲೆನೋವು ಬಂದರೆ

ಬೇಸ್ ಕ್ಯಾಂಪಿನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಇಲ್ಲಿನ ಅರ್ಧದಷ್ಟೇ. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಮೊದಲ ಸೂಚನೆ. ಬಂದರೆ ಮುಚ್ಚಿಡಬೇಡಿ, ಗೈಡ್‌ಗೆ ಹೇಳಿ, ಕಡಿಮೆಯಾಗುವವರೆಗೆ ಮೇಲೆ ಹತ್ತಬೇಡಿ. ಹೆಜ್ಜೆ ತೂರಾಡತೊಡಗಿದರೆ, ಮಾತು ತೊದಲಿದರೆ, ಕೂತಲ್ಲೇ ಏದುಸಿರು ಬಂದರೆ ಮೆದುಳಿಗೋ ಶ್ವಾಸಕೋಶಕ್ಕೋ ನೀರು ತುಂಬುತ್ತಿದೆ ಎಂದರ್ಥ. ಬೆಳಗಾಗಲಿ ಎನ್ನದೆ ಆಗಲೇ ಕೆಳಗಿಳಿಸಬೇಕು. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆಯ ವಿಷಯ ಊರಲ್ಲೇ ವೈದ್ಯರ ಜತೆ ಮಾತಾಡಿ. ಸಲ್ಫಾ ಔಷಧದ ಅಲರ್ಜಿ, ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ಹೇಳಲೇಬೇಕು. ದಿಂಗ್‌ಬೋಚೆಯ ಪಕ್ಕದ ಕಣಿವೆಯ ಪೆರಿಚೆಯಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನ ಚಿಕಿತ್ಸಾಲಯವಿದೆ, ಸೀಸನ್ನಿನಲ್ಲಿ ಮಧ್ಯಾಹ್ನದ ಮೇಲೆ ವೈದ್ಯರು ಎತ್ತರದ ಕಾಯಿಲೆಯ ಬಗ್ಗೆ ಮಾತಾಡುತ್ತಾರೆ. ದಿಂಗ್‌ಬೋಚೆಯ ಎರಡನೇ ದಿನ ಹೋಗಿ ಕೇಳಿ ಬರುವಷ್ಟು ಹೊತ್ತು ಸಿಗುತ್ತದೆ.