ಸುಳ್ಳು ಹೇಳುತ್ತಿದ್ದ ಬ್ಯಾಕ್‌ಟ್ರೇಸ್: ಕ್ರ್ಯಾಶ್ ಟೂಲ್ ಒಳಗೆ ಕೈ ಹಾಕಿದ ನನ್ನ ಅನುಭವ

ಲಿನಕ್ಸ್‌ನಲ್ಲಿ ಒಂದು ಪ್ರೊಸೆಸ್ ನ್ಯಾನೋಸ್ಲೀಪ್‌ನಲ್ಲಿ (ಸ್ವಲ್ಪ ಹೊತ್ತು ಕಾಯುವ ಕರೆ) ಸುಮ್ನೆ ಮಲಗಿದೆ. ಕರ್ನಲ್ ಮೆಮೊರಿಯ ಡಂಪ್ ತೆಗೆದು, ಅದನ್ನು ಓದುವ ಕ್ರ್ಯಾಶ್ ಟೂಲಿನಲ್ಲಿ ಬಿಟಿ (ಬ್ಯಾಕ್‌ಟ್ರೇಸ್: ಫಂಕ್ಷನ್‌ಗಳ ಪಟ್ಟಿ, ಕೆಳಗಿನದು ಮೇಲಿನದನ್ನು ಕರೆದದ್ದು) ಹೊಡೆದರೆ ಮೇಲಿನ ಸಾಲುಗಳೆಲ್ಲ ಸರಿಯಾಗಿವೆ: ಶೆಡ್ಯೂಲ್, ಡು_ನ್ಯಾನೋಸ್ಲೀಪ್, ಆಮೇಲೆ ಡು_ಸಿಸ್‌ಕಾಲ್_64. ಅದರ ಕೆಳಗೆ ವಿಎಫ್‌ಎಸ್_ರೀಡ್. ಅದರ ಕೆಳಗೆ ಮತ್ತೊಮ್ಮೆ ಡು_ಸಿಸ್‌ಕಾಲ್_64. ಅಂದರೆ ಫೈಲ್ ಓದುವ ಕೋಡೇ, ಪ್ರೋಗ್ರಾಂಗಳು ಕರ್ನಲ್ ಒಳಗೆ ಬರುವ ಸಿಸ್ಟಮ್ ಕಾಲ್ ಬಾಗಿಲನ್ನು ಕರೆದಿದೆ ಅಂತ ಅರ್ಥ! ಹಾಗೆ ಆಗೋದು ಸಾಧ್ಯವೇ ಇಲ್ಲ. ಆದರೆ ಆ ವಿಎಫ್‌ಎಸ್_ರೀಡ್ ಸಾಲನ್ನು ನೋಡಿ ಬಗ್ ಸ್ಟೋರೇಜ್ ತಂಡಕ್ಕೆ ಹೋಗಿತ್ತು, ಅವರು ಪಾಪ ಡಿಸ್ಕ್ ಕಡೆ ಹುಡುಕುತ್ತಾ ಕೂತಿದ್ದರು.

ಟೂಲ್ ಯಾಕೆ ಹೀಗೆ ತೋರಿಸುತ್ತದೆ ಅಂತ ನೋಡೋಕೆ ಸೋರ್ಸ್ ತೆಗೆದೆ. ಎಕ್ಸ್86-64ರಲ್ಲಿ (64-ಬಿಟ್ ಇಂಟೆಲ್, ಎಎಂಡಿ ಚಿಪ್‌ಗಳು) ಬ್ಯಾಕ್‌ಟ್ರೇಸ್ ತೆಗೆಯುವ ಫಂಕ್ಷನ್ನಿನ ಹೆಸರಲ್ಲೇ 'ಲೋ ಬಜೆಟ್' ಅಂತ ಇದೆ, ಬರೆದವರು ಪ್ರಾಮಾಣಿಕರು. ಅದು ಮಾಡುವ ಕೆಲಸ ಇಷ್ಟು: ಸ್ಟ್ಯಾಕ್ (ಫಂಕ್ಷನ್ ಕರೆಗಳ ಲೆಕ್ಕ ಇಡುವ ಮೆಮೊರಿ) ಮೇಲೆ ಒಂದೊಂದೇ ಪದ (8 ಬೈಟ್) ಓದುತ್ತಾ ಹೋಗುತ್ತದೆ, ಕರ್ನಲ್ ಕೋಡಿನ ವಿಳಾಸದ ಹಾಗೆ ಕಂಡದ್ದನ್ನು ರಿಟರ್ನ್ ಅಡ್ರೆಸ್ (ಕರೆ ಮುಗಿದ ಮೇಲೆ ವಾಪಸ್ ಹೋಗುವ ಜಾಗ) ಅಂತ ಹಿಡಿಯುತ್ತದೆ, ಆ ಫಂಕ್ಷನ್ ಸ್ಟ್ಯಾಕಿನಲ್ಲಿ ಎಷ್ಟು ಜಾಗ (ಅದರ ಫ್ರೇಮ್) ತಗೊಂಡಿದೆ ಅಂತ ಲೆಕ್ಕ ಹಾಕಿ ಅಷ್ಟು ಹಾರಿ ಮುಂದಿನದಕ್ಕೆ ಹೋಗುತ್ತದೆ. ಲೆಕ್ಕಕ್ಕೆ ಎರಡು ದಾರಿ. ಒಂದು, ಫಂಕ್ಷನ್ ಶುರುವಿನಿಂದ ಡಿಸ್‌ಅಸೆಂಬಲ್ ಮಾಡಿ ಪುಶ್ ಎಷ್ಟು, ಸ್ಟ್ಯಾಕ್ ಪಾಯಿಂಟರಿನಿಂದ ಕಳೆದದ್ದು ಎಷ್ಟು ಅಂತ ಎಣಿಸೋದು. ಇನ್ನೊಂದು, ಕರ್ನಲ್ 4.14ರಲ್ಲಿ ಬಂದ ಓಆರ್‌ಸಿ ಟೇಬಲ್ (ಕೋಡಿನ ಯಾವ ಜಾಗದಿಂದ ಹಿಂದಿನ ಫ್ರೇಮ್ ಹುಡುಕೋದು ಹೇಗೆ ಅಂತ ಹೇಳುವ ಪಟ್ಟಿ) ನೋಡೋದು. ನಮ್ಮಲ್ಲಿದ್ದ ಹಳೆ ಆವೃತ್ತಿ ಓಆರ್‌ಸಿಯನ್ನು ಅರ್ಧಂಬರ್ಧ ಬಳಸುತ್ತಿತ್ತು. ಸ್ಟ್ಯಾಕ್ ಪಾಯಿಂಟರ್ ಆಧಾರದ ಎಂಟ್ರಿ ಆದರೆ ಸರಿ, ಆರ್‌ಬಿಪಿ ರಿಜಿಸ್ಟರ್ ಆಧಾರದ ಎಂಟ್ರಿ ಆದರೆ ಕೈಬಿಟ್ಟು ಮತ್ತೆ ಪುಶ್ ಎಣಿಸೋಕೆ ಹೋಗುತ್ತಿತ್ತು.

ಡು_ಸಿಸ್‌ಕಾಲ್_64 ಸಿಕ್ಕಿಬಿದ್ದದ್ದು ಇಲ್ಲೇ. 2021ರ 5.13 ಕರ್ನಲ್ಲಿನಿಂದ ರ‍್ಯಾಂಡಮೈಜ್ ಕೆಸ್ಟ್ಯಾಕ್ ಆಫ್‌ಸೆಟ್ ಅನ್ನೋ ಭದ್ರತಾ ಸೌಲಭ್ಯ ಇದೆ. ಅದು ಆನ್ ಆಗಿದ್ದರೆ ಪ್ರತಿ ಸಿಸ್ಟಮ್ ಕಾಲ್‌ನಲ್ಲೂ ಸ್ಟ್ಯಾಕ್ ಪಾಯಿಂಟರನ್ನು ಒಂದಿಷ್ಟು ಬೈಟ್ ಕೆಳಗೆ ಸರಿಸುತ್ತಾರೆ, ಎಷ್ಟು ಅನ್ನೋದು ಕರ್ನಲ್ ಓಡುವಾಗಲೇ ತೀರ್ಮಾನ ಆಗುತ್ತದೆ, 1 ಕೆಬಿ ದಾಟಲ್ಲ. ಡಿಸ್‌ಅಸೆಂಬ್ಲಿಯಲ್ಲಿ ಕಾಣೋದು ಸ್ಟ್ಯಾಕ್ ಪಾಯಿಂಟರಿನಿಂದ ಆರ್‌ಎಎಕ್ಸ್ ಕಳೆ ಅನ್ನೋ ಒಂದು ಸಾಲು ಮಾತ್ರ. ಆರ್‌ಎಎಕ್ಸ್‌ನಲ್ಲಿ ಎಷ್ಟಿತ್ತು ಅಂತ ಡಂಪಿನಲ್ಲಿ ಯಾರು ಹೇಳಬೇಕು? ಟೂಲ್ ಅದನ್ನು ಬಿಟ್ಟು ಎಣಿಸಿತು, ಹಾರಬೇಕಾದ್ದಕ್ಕಿಂತ ಕಡಿಮೆ ಹಾರಿತು, ಖಾಲಿ ಬಿಟ್ಟ ಜಾಗದ ಮಧ್ಯೆ ಬಿತ್ತು. ಆ ಜಾಗ ನಿಜಕ್ಕೂ ಖಾಲಿ ಇರಲ್ಲ. ಹಿಂದಿನ ಸಿಸ್ಟಮ್ ಕಾಲ್ ಕಡಿಮೆ ಆಫ್‌ಸೆಟ್‌ನಲ್ಲಿ ಓಡಿದ್ದರೆ ಅದರ ರಿಟರ್ನ್ ಅಡ್ರೆಸ್‌ಗಳು ಅರ್ಧ ಒರೆಸಿದ ಸ್ಲೇಟಿನ ಅಕ್ಷರದ ಹಾಗೆ ಅಲ್ಲೇ ಉಳಿದಿರುತ್ತವೆ. ವಿಎಫ್‌ಎಸ್_ರೀಡ್ ಬಂದದ್ದು ಅಲ್ಲಿಂದ. ಅದೇ ಪ್ರೊಸೆಸ್ ಮಲಗುವ ಮುಂಚೆ ಏನನ್ನೋ ಓದಿತ್ತು, ಅಷ್ಟೇ.

ಉತ್ತರ ಓಆರ್‌ಸಿ ಎಂಟ್ರಿಯಲ್ಲೇ ಇತ್ತು. ಇಷ್ಟು ಅಂತ ಗೊತ್ತಿಲ್ಲದ ಜಾಗ ಬೇಕಾದಾಗ ಕಂಪೈಲರ್ ಆರ್‌ಬಿಪಿಯನ್ನು ಗೂಟವಾಗಿ ಇಟ್ಟುಕೊಳ್ಳುತ್ತದೆ. ಎಂಟ್ರಿ ಹೇಳೋದು: ಆರ್‌ಬಿಪಿಗೆ 16 ಕೂಡಿಸು, ಹಿಂದಿನ ಫ್ರೇಮಿನ ಸ್ಟ್ಯಾಕ್ ಪಾಯಿಂಟರ್ ಸಿಗುತ್ತದೆ, ಅದಕ್ಕಿಂತ 8 ಬೈಟ್ ಕೆಳಗೆ ರಿಟರ್ನ್ ಅಡ್ರೆಸ್. ಸರಿ, ಆದರೆ ಆ ಫ್ರೇಮ್‌ಗೆ ಬರೋ ಹೊತ್ತಿಗೆ ಆರ್‌ಬಿಪಿ ನಮ್ಮ ಕೈಯಲ್ಲಿ ಇರಬೇಕಲ್ವಾ? ಟೂಲ್ ಅದನ್ನು ಜೊತೆಗೆ ಒಯ್ಯುತ್ತಲೇ ಇರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಫ್ರೇಮಿನ ಅಳತೆ ಮಾತ್ರ. ಇಡೀ ರಿಪೇರಿ ಇದರ ಮೇಲೇ ನಿಂತಿತ್ತು. ಅಳತೆ ಊಹಿಸೋದನ್ನು ಬಿಡಬೇಕು, ಕರ್ನಲ್ ತಾನೇ ಮಾಡುವ ಹಾಗೆ ರಿಜಿಸ್ಟರ್‌ಗಳನ್ನು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಬೇಕು.

ಮೊದಲ ಆರ್‌ಬಿಪಿ ಎಲ್ಲಿ ಸಿಗುತ್ತದೆ? ಮಲಗಿರುವ ಟಾಸ್ಕ್ ಆದರೆ ಬಹಳ ಸುಲಭ. ಟಾಸ್ಕ್ ಬದಲಾಗುವಾಗ ಕರ್ನಲ್ ರಿಜಿಸ್ಟರ್‌ಗಳನ್ನು ಸ್ಟ್ಯಾಕಿಗೆ ತಳ್ಳಿ, ಆಗಿನ ಸ್ಟ್ಯಾಕ್ ಪಾಯಿಂಟರನ್ನು ಟಾಸ್ಕಿನ ಥ್ರೆಡ್ ರಚನೆಯಲ್ಲಿ ಬರೆದಿಡುತ್ತದೆ. ಅಲ್ಲಿಂದ ಮೇಲಕ್ಕೆ ಆರ್15, ಆರ್14, ಆರ್13, ಆರ್12, ಆರ್‌ಬಿಎಕ್ಸ್, ಆರ್‌ಬಿಪಿ, ಕೊನೆಗೆ ರಿಟರ್ನ್ ಅಡ್ರೆಸ್. 40ನೇ ಬೈಟಿನಲ್ಲಿ ಆರ್‌ಬಿಪಿ, 48ರಲ್ಲಿ ರಿಟರ್ನ್ ಅಡ್ರೆಸ್, 56ರಿಂದ ಮುಂದಿನ ಫ್ರೇಮ್. ಸಿಪಿಯು ಮೇಲೆ ಓಡುತ್ತಿದ್ದ ಟಾಸ್ಕ್ ಆದರೆ ಕೆಡಂಪ್ (ಕ್ರ್ಯಾಶ್ ಆದಾಗ ಡಂಪ್ ತೆಗೆಯುವ ವ್ಯವಸ್ಥೆ) ಉಳಿಸಿದ ರಿಜಿಸ್ಟರ್ ನೋಟ್‌ನಿಂದ ತಗೋಬೇಕು. ಆಮೇಲೆ ಪ್ರತಿ ಫ್ರೇಮ್‌ಗೂ ಓಆರ್‌ಸಿ ಎಂಟ್ರಿ ಹುಡುಕು, ಹೊಸ ಸ್ಟ್ಯಾಕ್ ಪಾಯಿಂಟರ್ ಲೆಕ್ಕ ಹಾಕು, ಈ ಫಂಕ್ಷನ್ ಹಳೆ ಆರ್‌ಬಿಪಿಯನ್ನು ಎಲ್ಲಿ ಉಳಿಸಿದೆ ಅಂತ ಅದೇ ಎಂಟ್ರಿಯಲ್ಲಿ ನೋಡಿ ಓದಿಕೋ. ಉಳಿಸಿಲ್ಲ ಅಂದರೆ ಮುಟ್ಟಿಲ್ಲ ಅಂತ, ಹಳೆಯದೇ ಮುಂದುವರಿಯುತ್ತದೆ. ಮಾಡ್ಯೂಲ್‌ಗಳಿಗೆ ಅವುಗಳದೇ ಬೇರೆ ಟೇಬಲ್ ಇರುತ್ತದೆ, ಅದನ್ನು ಮಾಡ್ಯೂಲ್ ರಚನೆಯಿಂದ ಹಿಡಿಯಬೇಕು. ನಮ್ಮ ಡ್ರೈವರ್ ಫ್ರೇಮ್‌ಗಳಿಗೆ ಇದು ಬೇಕೇ ಬೇಕಿತ್ತು.

ಇನ್ನೊಂದು ಚಿಕ್ಕ ವಿಷಯ, ಆದರೆ ಜಾಸ್ತಿ ಕಾಡುವಂಥದ್ದು. ಎಂಟ್ರಿ ಹುಡುಕುವಾಗ ರಿಟರ್ನ್ ಅಡ್ರೆಸ್‌ನಿಂದ 1 ಕಳೆಯಬೇಕು. ಪ್ಯಾನಿಕ್ ಥರದ ವಾಪಸ್ ಬಾರದ ಫಂಕ್ಷನ್ನನ್ನು ಕರೆದಿದ್ದರೆ ಆ ಕಾಲ್ ಫಂಕ್ಷನ್ನಿನ ಕೊನೆಯ ಸೂಚನೆಯೇ ಆಗಿರಬಹುದು, ಆಗ ರಿಟರ್ನ್ ಅಡ್ರೆಸ್ ಬೀಳೋದು ಪಕ್ಕದ, ಸಂಬಂಧವೇ ಇಲ್ಲದ ಫಂಕ್ಷನ್ ಮೇಲೆ. ಆದರೆ ಪೇಜ್ ಫಾಲ್ಟ್ ಅಥವಾ ಇಂಟರಪ್ಟ್ ಬಂದು ನಿಂತ ಫ್ರೇಮ್ ಆದರೆ ಕಳೆಯಬಾರದು. ಅದು ಕಾಲ್ ಅಲ್ಲ, ವಿಳಾಸ ಇರೋದೇ ನಿಜವಾದ ಜಾಗದಲ್ಲಿ.

ಸರಿಯಾಗಿದೆ ಅಂತ ನಂಬೋದು ಹೇಗೆ? ಔಟ್‌ಪುಟ್ ಚೆನ್ನಾಗಿ ಕಾಣುತ್ತದೆ ಅನ್ನೋದು ಸಾಕ್ಷಿ ಅಲ್ಲ, ಮೊದಲೂ ಚೆನ್ನಾಗಿಯೇ ಕಾಣುತ್ತಿತ್ತು. ನಾನು ಬಳಸಿದ ಅಳತೆಗೋಲು ಸ್ಟ್ಯಾಕಿನ ತುದಿ. ಸಿಸ್ಟಮ್ ಕಾಲ್ ಮೂಲಕ ಒಳಗೆ ಬಂದ ಟಾಸ್ಕಿನ ಯೂಸರ್ ರಿಜಿಸ್ಟರ್‌ಗಳು 16 ಕೆಬಿ ಸ್ಟ್ಯಾಕಿನ ಮೇಲ್ತುದಿಯಲ್ಲಿ ಕೂತಿರುತ್ತವೆ: 21 ಪದ, 168 ಬೈಟ್. ಅದರ ಕೆಳಗಿನ ಪದವೇ ಡು_ಸಿಸ್‌ಕಾಲ್_64ರ ರಿಟರ್ನ್ ಅಡ್ರೆಸ್. ಅಂದರೆ ಆಫ್‌ಸೆಟ್ ಎಷ್ಟೇ ಇರಲಿ, ನಮ್ಮ ಲೆಕ್ಕ ಸರಿಯಿದ್ದರೆ ತುದಿಯಿಂದ 176 ಬೈಟ್ ಕೆಳಗೆ ಬಂದು ನಿಲ್ಲಬೇಕು, ಒಂದು ಬೈಟೂ ಆಚೀಚೆ ಆಗುವ ಹಾಗಿಲ್ಲ. ಫೋರ್‌ಈಚ್ ಬಿಟಿ (ಎಲ್ಲ ಟಾಸ್ಕ್‌ಗಳಿಗೂ ಬಿಟಿ) ಓಡಿಸಿ, ಮಲಗಿರುವ ಯೂಸರ್ ಟಾಸ್ಕ್‌ಗಳಿಗೆಲ್ಲ ಇದನ್ನೇ ಪರೀಕ್ಷಿಸುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಕರ್ನಲ್ ಥ್ರೆಡ್‌ಗಳಾದರೆ, ಅವು ಶುರುವಾಗುವ ರೆಟ್_ಫ್ರಮ್_ಫೋರ್ಕ್‌ಗೆ ಮುಟ್ಟಬೇಕು.

ಕೊಂಡಿ ಎಲ್ಲಾದರೂ ಕಡಿದರೆ ಏನು ಮಾಡೋದು ಅನ್ನೋದಕ್ಕೆ ತಂಡದಲ್ಲಿ ವಾದ ಆಯಿತು. ಅಲ್ಲಿಗೇ ನಿಲ್ಲಿಸು ಅಂದರು ಕೆಲವರು. ನನಗೆ ಅದು ಸರಿ ಅನ್ನಿಸಲಿಲ್ಲ, ಸ್ಟ್ಯಾಕ್ ಹಾಳಾದ ಡಂಪ್‌ನಲ್ಲಿ ಊಹೆಯೂ ಕೆಲಸಕ್ಕೆ ಬರುತ್ತದೆ. ಹಾಗಂತ ಊಹೆಯನ್ನು ಖಚಿತ ಫ್ರೇಮಿನ ಪಕ್ಕದಲ್ಲೇ ಅದೇ ಠೀವಿಯಲ್ಲಿ ಕೂರಿಸೋದು ತಪ್ಪು. ಕರ್ನಲ್ ಊಪ್ಸ್ (ತನ್ನದೇ ದೋಷದ ವರದಿ) ಬರೆಯುವಾಗ ಅನುಮಾನದ ವಿಳಾಸಕ್ಕಿಂತ ಮೊದಲು ಪ್ರಶ್ನೆ ಚಿಹ್ನೆ ಹಾಕುತ್ತದಲ್ಲ, ಅದನ್ನೇ ಇಲ್ಲಿಗೂ ತಂದೆ. ಓಆರ್‌ಸಿ ದಾರಿಯಲ್ಲಿ ಸಿಕ್ಕಿದ್ದು ಹಾಗೇ, ಹುಡುಕಿ ಹಿಡಿದದ್ದು ಪ್ರಶ್ನೆ ಚಿಹ್ನೆ ಸಮೇತ. ನನ್ನ ಕೇಳಿದರೆ ಇಡೀ ಕೆಲಸದಲ್ಲಿ ಜನರಿಗೆ ಹೆಚ್ಚು ಉಪಯೋಗ ಆದದ್ದು ಇದೇ.

ಕ್ರ್ಯಾಶ್ ಟೂಲಿನ ಹೊಸ ಆವೃತ್ತಿಗಳಲ್ಲಿ ಈ ರ‍್ಯಾಂಡಮ್ ಆಫ್‌ಸೆಟ್ ತೊಂದರೆಗೆ ಪರಿಹಾರ ಬಂದಿದೆ, ಆದ್ದರಿಂದ ಮೊದಲು ಅಪ್‌ಡೇಟ್ ಮಾಡಿ. ಆಗಲ್ಲ ಅಂದರೆ, ಕರ್ನಲ್ ಕಮಾಂಡ್ ಲೈನಿನಲ್ಲಿ ಮತ್ತು ಕಾನ್ಫಿಗ್‌ನಲ್ಲಿ ಈ ಸೌಲಭ್ಯ ಆನ್ ಇದೆಯಾ ನೋಡಿ. ಇದ್ದರೆ, ಡು_ಸಿಸ್‌ಕಾಲ್_64ರ ಕೆಳಗೆ ಎಂಟ್ರಿ ಫಂಕ್ಷನ್ ಬಿಟ್ಟು ಬೇರೆ ಏನೇ ಬಂದರೂ ಅದನ್ನು ನಂಬಬೇಡಿ. ಬಿಟಿ -ಆರ್ ಹಾಕಿ ಇಡೀ ಸ್ಟ್ಯಾಕ್ ತೆಗೆದು ತುದಿಯಿಂದ ಕೆಳಕ್ಕೆ ನೀವೇ ಓದಿ.