ಗುಮಾನಿಗೆ 10 ರೂಪಾಯಿ ಖರ್ಚು

ತೊಗರಿ ಕ್ವಿಂಟಲ್‌ಗೆ 10,000 ದಾಟಿದರೆ ಟಿವಿಯವರು ಬೆಂಗಳೂರಿನ ಅಡುಗೆಮನೆ ತೋರಿಸುತ್ತಾರೆ. ‘ಬೇಳೆ ಬೆಲೆ ಗಗನಕ್ಕೆ’ ಅಂತ ಕೆಂಪು ಅಕ್ಷರ. ಅದೇ ತೊಗರಿ 7,000ದ ಹತ್ತಿರಕ್ಕೆ ಬಿದ್ದರೆ ಒಂದು ಕ್ಯಾಮೆರಾವೂ ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆ ಕಡೆ ತಲೆ ಹಾಕುವುದಿಲ್ಲ. ಸುದ್ದಿ ಮಾಡುವವರು ಬೇಳೆ ಕೊಳ್ಳುವ ಮಂದಿ, ನಾವು ಮಾರುವ ಮಂದಿ. ಇದರಲ್ಲಿ ದೊಡ್ಡ ಸಂಚೇನೂ ಇಲ್ಲ. ಆದರೆ ಕೊಳ್ಳುವವನ ಗೋಳನ್ನೇ ಇಡೀ ನಾಡಿನ ಗೋಳು ಅಂತ ಹೇಳಿದಾಗ ನನಗೆ ಗುಮಾನಿ ಹುಟ್ಟುತ್ತದೆ.

ನಾನು ಒಣಬೇಸಾಯದ ರೈತ. ಸ್ವಭಾವದಲ್ಲಿ ಹಳೇ ಮಂದಿಯ ಪೈಕಿ. ಮಠ, ಜಾತ್ರೆ, ಒಕ್ಕಲುತನ ಬಿಟ್ಟವನಲ್ಲ, ಸಾಲಕ್ಕೆ ಅಂಜುವವನು. ಸರ್ಕಾರ ಏನಾದರೂ ಪುಕ್ಕಟೆ ಕೊಡ್ತೀವಿ ಅಂದರೆ ‘ಯಾರ ಕಿಸೆಯಿಂದ?’ ಅಂತ ಮೊದಲು ಕೇಳುತ್ತೇನೆ. ನಮ್ಮ ಸೀಮೆಗೆ ಈ ಗುಮಾನಿ ಹೊಸದಲ್ಲ. ದೇಶಕ್ಕೆ 1947ರಲ್ಲಿ ಸ್ವಾತಂತ್ರ್ಯ ಬಂತು. ನಾವು ನಿಜಾಮನ ಕೈಯಿಂದ ಬಿಡಿಸಿಕೊಂಡಿದ್ದು 1948ರ ಸೆಪ್ಟೆಂಬರ್ 17ಕ್ಕೆ. ಆಗ ದರ್ಬಾರು ಹೈದರಾಬಾದಿನಲ್ಲಿತ್ತು, 1956ರ ಮೇಲೆ ಬೆಂಗಳೂರಿನಲ್ಲಿ. ನಮಗೆ ಎರಡೂ ದೂರವೇ. ವಿಧಾನಸೌಧದ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ಕೆತ್ತಿದ್ದಾರೆ. ಇರಲಿ, ದೇವರ ಕೆಲಸಕ್ಕೆ ರಸೀದಿ ಕೇಳಬಾರದು ಅಂತ ಎಲ್ಲೂ ಕೆತ್ತಿಲ್ಲವಲ್ಲ.

ಕಟ್ಟೆ ಮೇಲೆ ಕೂತು ಬೈಯುವುದರಲ್ಲಿ ನಮ್ಮೂರಿನವರು ಯಾರಿಗೂ ಕಮ್ಮಿ ಇಲ್ಲ. ‘ಎಲ್ಲಾ ಕಳ್ಳರೇ’ ಅಂದು ಎದ್ದು ಹೋಗುತ್ತಾರೆ. ನಿಜವಾದ ಕಳ್ಳನಿಗೆ ಇದಕ್ಕಿಂತ ಅನುಕೂಲದ ಮಾತು ಇನ್ನೊಂದಿಲ್ಲ. ಎಲ್ಲರೂ ಕಳ್ಳರಾದ ಮೇಲೆ ಅವನೊಬ್ಬನನ್ನು ಹಿಡಿದು ಕೇಳುವವರು ಯಾರು? ಹಾಗಾಗಿ ನಾನು ಕಾಗದ ಕೇಳಲು ಶುರು ಮಾಡಿದೆ.

ಶುರುವಾಗಿದ್ದು ಬೆಳೆ ವಿಮೆಯಿಂದ. ಆ ವರ್ಷ ನೆಟೆ ರೋಗ ಬಂದು ತೊಗರಿ ನಿಂತಲ್ಲೇ ಒಣಗಿತ್ತು. ಪಕ್ಕದ ಪಂಚಾಯಿತಿಗೆ ವಿಮೆ ದುಡ್ಡು ಬಂತು, ನಮಗೆ ಬರಲಿಲ್ಲ. ಶಾಸಕರ ಕೈವಾಡ ಅಂದರು ಕೆಲವರು. ಕಂಪನಿಯೇ ನುಂಗಿತು ಅಂದರು ಇನ್ನು ಕೆಲವರು. ಎರಡಕ್ಕೂ ಕೈಯಲ್ಲಿ ಒಂದು ಚೀಟಿಯೂ ಇಲ್ಲ.

ಫಸಲ್ ಬಿಮಾ ಯೋಜನೆಯ ನಿಯಮ ತೆಗೆದು ಓದಿದೆ. ಮುಂಗಾರು ಬೆಳೆಗೆ ನಾವು ಕಟ್ಟುವುದು ಹೆಚ್ಚೆಂದರೆ ವಿಮಾ ಮೊತ್ತದ ಶೇ 2. ಉಳಿದ ಪ್ರೀಮಿಯಂ ಕೇಂದ್ರ, ರಾಜ್ಯ ಸರ್ಕಾರಗಳದ್ದು. ಪರಿಹಾರ ಮಾತ್ರ ನಿಮ್ಮ ಹೊಲ, ನನ್ನ ಹೊಲ ಅಂತ ನೋಡಿ ಕೊಡುವುದಲ್ಲ. ತೊಗರಿಯಂಥ ಮುಖ್ಯ ಬೆಳೆಗೆ ಪಂಚಾಯಿತಿಯ ಕೆಲವು ಹೊಲ ಆರಿಸಿ, ಅಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ, ತೂಕ ಹಾಕಿ, ಸರಾಸರಿ ತೆಗೆಯುತ್ತಾರೆ. ಆ ಸರಾಸರಿ ಮೊದಲೇ ಗೊತ್ತು ಮಾಡಿದ ಇಳುವರಿಗಿಂತ ಕಮ್ಮಿ ಇದ್ದರೆ ಮಾತ್ರ ದುಡ್ಡು. ಈ ಗೊತ್ತು ಮಾಡಿದ ಇಳುವರಿ ಎಲ್ಲಿಂದ ಬರುತ್ತದೆ? ಹಿಂದಿನ 7 ವರ್ಷಗಳಲ್ಲಿ ಚೆನ್ನಾಗಿ ಬೆಳೆದ 5 ವರ್ಷದ ಸರಾಸರಿ ಹಿಡಿದು, ಅದರಲ್ಲೂ ಇಂತಿಷ್ಟು ಪಾಲು ಮಾತ್ರ ಲೆಕ್ಕಕ್ಕೆ. ಬರದ ಮೇಲೆ ಬರ ಕಂಡ ಪಂಚಾಯಿತಿಯಲ್ಲಿ ಆ ಗೆರೆಯೇ ಕೆಳಗೆ ಇಳಿದಿರುತ್ತದೆ. ಬೆಳೆ ಹಾಳಾದರೂ ಗೆರೆಗಿಂತ ಮೇಲಿದೆ ಅಂತ ಲೆಕ್ಕ ಬರಬಹುದು. ಇದನ್ನು ಯಾವ ಚಾನೆಲ್ಲೂ ಬಿಡಿಸಿ ಹೇಳಿದ್ದು ನಾನು ನೋಡಿಲ್ಲ, ಯಾವ ಪಕ್ಷದ ಮುಖಂಡರೂ ಹೇಳಿಲ್ಲ.

ಆಮೇಲೆ ಅರ್ಜಿ. ‘ನಮಗೆ ಯಾಕೆ ಪರಿಹಾರ ಕೊಡಲಿಲ್ಲ?’ ಅಂತ ಬರೆದರೆ ಉಪಯೋಗವಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ಕಚೇರಿಯಲ್ಲಿರುವ ದಾಖಲೆ ಕೊಡಿಸುತ್ತದೆ, ಸಮಜಾಯಿಷಿ ಕೊಡಿಸುವುದಿಲ್ಲ. ನಾನು ಕೇಳಿದ್ದು ಇಷ್ಟೇ: ನಮ್ಮ ಪಂಚಾಯಿತಿಯಲ್ಲಿ ಆ ಮುಂಗಾರಿನ ತೊಗರಿಗೆ ಮಾಡಿದ ಕಟಾವು ಪ್ರಯೋಗಗಳ ಸರ್ವೆ ನಂಬರ್, ದಿನಾಂಕ, ತೂಕ ಇರುವ ನಮೂನೆಗಳ ದೃಢೀಕರಿಸಿದ ಪ್ರತಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಸಿಟ್ಟು ತೋರಿಸಲು ಜಾಗವೇ ಇಲ್ಲ. ಒಳ್ಳೇದೇ ಆಯ್ತು. ಶುಲ್ಕ 10 ರೂಪಾಯಿ, ನಾನು ಪೋಸ್ಟಲ್ ಆರ್ಡರ್ ಹಚ್ಚುತ್ತೇನೆ. ಪ್ರತಿಗೆ ಪುಟಕ್ಕೆ 2 ರೂಪಾಯಿ.

ಕೊಡಲು ಹೋದಾಗ ಅಲ್ಲಿನ ಹುಡುಗ ಕೇಳಿದ, “ಯಾಕ್ರಿ ಕಾಕಾ, ಬಾಯಿಲೆ ಕೇಳಿದ್ರ ನಾವು ಹೇಳ್ತಿದ್ದಿಲ್ಲೇನು?”

“ಬಾಯಿಲೆ ಹೇಳಿದ್ದಕ್ಕ ಶಿಕ್ಕಾ ಬೀಳಂಗಿಲ್ಲಪ್ಪಾ ತಮ್ಮಾ” ಅಂದೆ. ನಕ್ಕು ಸ್ವೀಕೃತಿ ಕೊಟ್ಟ. ಆ ಸ್ವೀಕೃತಿ ಇಲ್ಲದೆ ಮನೆಗೆ ಬರಬೇಡಿ. 30 ದಿನದ ಲೆಕ್ಕ ಅದರಿಂದಲೇ ಶುರು. ಉತ್ತರ ಬರದಿದ್ದರೆ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ.

ಕಾಗದ ಬಂತು. ಪಹಣಿ ಜೊತೆ ಇಟ್ಟು ಒಂದೊಂದೇ ಸರ್ವೆ ನಂಬರ್ ನೋಡಿದೆವು. ಮಳೆಯಾಶ್ರಿತ ತೊಗರಿಯ ಪಟ್ಟಿಯಲ್ಲಿ ಒಂದು ಹೊಲ ಬೋರ್‌ವೆಲ್ ಇದ್ದ ಹೊಲ! ಅಲ್ಲಿನ ತೂಕ ಸಹಜವಾಗಿ ಜಾಸ್ತಿ. ಉಳಿದ ಹೊಲಗಳ ತೂಕದಲ್ಲಿ ತಪ್ಪು ಹುಡುಕಲು ಆಗಲಿಲ್ಲ, ರೈತರ ಸಹಿಯೂ ಇತ್ತು. ಶಾಸಕರ ಕೈವಾಡ ಮಾತ್ರ ಎಲ್ಲೂ ಕಾಣಲಿಲ್ಲ. ಊರಿನ ಕೆಲವರಿಗೆ ಇದು ರುಚಿಸಲಿಲ್ಲ. ಅವರಿಗೆ ಶಾಸಕರೇ ಬೇಕಾಗಿತ್ತು. ಬೋರ್‌ವೆಲ್ ಹೊಲದ ಬಗ್ಗೆ ಆಕ್ಷೇಪಣೆ ಕೊಟ್ಟೆವು. ಆ ವರ್ಷದ ದುಡ್ಡು ಬರಲಿಲ್ಲ. ಮುಂದಿನ ಸಲ ಕಟಾವಿನ ದಿನ ಕೇಳಿಕೊಂಡು ನಾವೇ ಹೋಗಿ ತಕ್ಕಡಿ ಮುಂದೆ ನಿಂತೆವು.

ಜಾಸ್ತಿ ಕಷ್ಟ ಆಗುವುದು ನಮ್ಮ ಕಡೆಯವರ ವಿಷಯದಲ್ಲಿ. ನಾನು ವೋಟು ಹಾಕಿದ ಪಕ್ಷವೇ ದೆಹಲಿಯಲ್ಲಿದೆ. ಅದೇ ಸರ್ಕಾರ 2021ರ ಮೇ ತಿಂಗಳಲ್ಲಿ ತೊಗರಿ ಆಮದಿನ ಮೇಲಿನ ಕಟ್ಟು ಸಡಿಲಿಸಿತು. ವರ್ಷ ವರ್ಷ ಮುಂದುವರಿಸುತ್ತಾ 2026ರ ಮಾರ್ಚ್ 31ರ ತನಕ ತಂದಿತು. ಮ್ಯಾನ್ಮಾರ್, ಮೊಜಾಂಬಿಕ್‌ನಿಂದ ಹಡಗು ಬರುತ್ತವೆ. ಇತ್ತ 2024-25ಕ್ಕೆ ಬೆಂಬಲ ಬೆಲೆ 7,550 ಅಂತ ಘೋಷಣೆ. ರಾಜ್ಯದವರು ಅದರ ಮೇಲೆ 450 ಸೇರಿಸಿದರು. ಇಬ್ಬರೂ ಫ್ಲೆಕ್ಸ್ ಕಟ್ಟಿಕೊಂಡರು, ಹಡಗಿನ ಫ್ಲೆಕ್ಸ್ ಯಾರೂ ಕಟ್ಟಲಿಲ್ಲ. ಇದನ್ನು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದಕ್ಕೆ ಗೆಳೆಯನೊಬ್ಬ ಫೋನ್ ಮಾಡಿ, “ನೀ ಯಾರ ಕಡಿ ಇದ್ದಿ?” ಅಂದ. ತೊಗರಿ ಕಡಿ ಅಂದೆ. 2019ರಲ್ಲಿ ಮಾಹಿತಿ ಆಯುಕ್ತರ ಅವಧಿ, ಸಂಬಳ ಗೊತ್ತು ಮಾಡುವ ಅಧಿಕಾರವನ್ನು ಕೇಂದ್ರ ತನ್ನ ಕೈಗೆ ತೆಗೆದುಕೊಂಡಾಗಲೂ ನಮ್ಮ ಗುಂಪು ಸುಮ್ನೆ ಇತ್ತು. ದೊಡ್ಡ ಸರ್ಕಾರ ಬೇಡ ಅನ್ನುವವರು ಆಗ ಮಾತಾಡಬೇಕಿತ್ತು ಅಲ್ವಾ?

ಈಗ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಸುದ್ದಿ ಓದುವಾಗ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ‘5,000 ಕೋಟಿ’ ಅಂತ ಬಂದರೆ ಮುಂದಿನ ಶಬ್ದ ನೋಡುತ್ತೇನೆ: ಘೋಷಣೆಯೋ, ಬಿಡುಗಡೆಯೋ, ಖರ್ಚೋ? ತಲೆಬರಹದಲ್ಲಿ ಸಾಮಾನ್ಯವಾಗಿ ಇರುವುದು ಮೊದಲನೆಯದು. ಹಳ್ಳಿಗೆ ಬೇಕಾಗಿರುವುದು ಕೊನೆಯದು. ಕಾಮಗಾರಿ ಆಗಿದೆ ಅಂದರೆ ಎಂ.ಬಿ. ಪುಸ್ತಕ, ಅಂದರೆ ಅಳತೆ ಪುಸ್ತಕ ಕೇಳಬೇಕು. ಎಷ್ಟು ಉದ್ದ, ಎಷ್ಟು ಅಗಲ, ಯಾವತ್ತು ಅಳೆದರು ಅನ್ನುವುದೆಲ್ಲ ಇಂಜಿನಿಯರ್ ಬರೆಯುವುದು ಅದರಲ್ಲೇ.

ನಮ್ಮೂರಿನ ಶಾಲೆ ಕೋಣೆಗೂ ಅದನ್ನೇ ಕೇಳಿದೆ. ಕಚೇರಿಯಿಂದ ಬಂದದ್ದು ಉದ್ಘಾಟನೆಯ ಫೋಟೊ, ಅದೂ ಬಣ್ಣದ್ದು. ಮೊದಲ ಮೇಲ್ಮನವಿಗೂ ಅದೇ ಫೋಟೊ ಬಂತು. ಎರಡನೆಯದನ್ನು ಆಯೋಗಕ್ಕೆ ಹಾಕಿದ್ದೇನೆ, ಎರಡೂ ಫೋಟೊ ಲಗತ್ತಿಸಿ.