ಪುಟದ ಮೂಲೆಯ ಒಂಟಿ ಪದ

ನನ್ನದು ಹುಬ್ಬಳ್ಳಿಯಲ್ಲಿ ಬುಕ್ ಬೈಂಡಿಂಗ್ ಕೆಲಸ. 11 ವರ್ಷದ ಹಿಂದೆ ದುರ್ಗದ ಬೈಲ್ ಹತ್ತಿರದ ಒಂದು ರದ್ದಿ ಅಂಗಡಿಯಲ್ಲಿ ರಟ್ಟು ಹುಡುಕುತ್ತಿದ್ದಾಗ ಒಂದು ಗಂಟು ಕೈಗೆ ಸಿಕ್ಕಿತು. ಹೊಲಿಗೆ ಬಿಚ್ಚಿದ 40 ಹಾಳೆ, ಎಲ್ಲ ಕೈಬರಹ. ತೂಕಕ್ಕೆ ಹಾಕಿ ಕೊಟ್ಟ. ನನಗೆ ಓದಲು ಬರುತ್ತಿರಲಿಲ್ಲ, ಆದರೆ ಕಾಗದ ಮುಟ್ಟಿದರೆ ಬಿಡಲು ಮನಸ್ಸಾಗಲಿಲ್ಲ, ಅಷ್ಟು ನುಣುಪು. ಗಂಜಿ ಹಚ್ಚಿ, ಒಣಗಿಸಿ, ಹೊಳಪಿನ ಕಲ್ಲಿನಿಂದ ತಿಕ್ಕುತ್ತಿದ್ದರು ಎಂದು ಆಮೇಲೆ ತಿಳಿಯಿತು.

ಮೊದಲ ದಿನವೇ ಒಂದು ಹಾಳೆ ಕೆಡಿಸಿದೆ. ಧೂಳು ಒರೆಸೋಣ ಎಂದು ಒದ್ದೆ ಹತ್ತಿ ಆಡಿಸಿದೆ ನೋಡಿ, ಎರಡು ಸಾಲು ಹತ್ತಿಗೆ ಬಂದುಬಿಟ್ಟವು. ಕಾಡಿಗೆ ಮಸಿಗೆ ಗೋಂದು ಸೇರಿಸಿ ಮಾಡಿದ ಶಾಯಿ ಅದು. ಕಾಗದದ ಒಳಗೆ ಇಳಿಯದೆ ಮೇಲೇ ಕೂತಿರುತ್ತದೆ. ಈಗ ಒಣ, ಮೆತ್ತನೆಯ ಬ್ರಷ್ ಬಿಟ್ಟು ಬೇರೇನೂ ಮುಟ್ಟಿಸುವುದಿಲ್ಲ.

ಹಳೇ ಹುಬ್ಬಳ್ಳಿಯಲ್ಲಿ ಒಬ್ಬ ರಿಟೈರ್ಡ್ ಉರ್ದು ಮಾಸ್ತರರಿದ್ದಾರೆ, ನಾನು ಚಾಚಾ ಎನ್ನುತ್ತೇನೆ. ಅವರ ಮುಂದೆ ಗಂಟು ಬಿಚ್ಚಿದೆ. ‘ಇದು ಉರ್ದು ಅಲ್ಲಪಾ, ಫಾರ್ಸಿ. ಗುಲಿಸ್ತಾನ್ ಐತಿ’ ಎಂದರು. ಶಿರಾಜಿನ ಸಾದಿ 1258ರಲ್ಲಿ ಬರೆದ ಕಥೆಗಳ ಪುಸ್ತಕ. ಆಗೆಲ್ಲ ಫಾರ್ಸಿ ಕಲಿಯುವ ಹುಡುಗರಿಗೆ ಇದೇ ಪಾಠವಾಗಿತ್ತು. ಆದಿಲ್‌ಶಾಹಿಗಳು, ಸವಣೂರು ನವಾಬರು ಆಳಿದ ಸೀಮೆ ನಮ್ಮದು, ಇಲ್ಲಿ ಸಿಗದೆ ಇನ್ನೆಲ್ಲಿ ಸಿಗಬೇಕು? ದಫ್ತರ, ಸನದು ಎಂದು ನಾವೇ ದಿನಾ ಫಾರ್ಸಿ ಮಾತಾಡುತ್ತೇವಲ್ಲ.

ಹಾಳೆ ಜೋಡಿಸುವುದನ್ನು ಕಲಿಸಿದವರೂ ಚಾಚಾನೇ. ಪುಟಕ್ಕೆ ನಂಬರ್ ಇರುವುದಿಲ್ಲ. ತೆರೆದಿಟ್ಟ ಪುಸ್ತಕದ ಬಲಗಡೆ ಪುಟದಲ್ಲಿ, ಕೊನೆಯ ಸಾಲಿನ ಕೆಳಗೆ ಎಡ ಮೂಲೆಯಲ್ಲಿ, ಒಂದೇ ಒಂದು ಪದ ಓರೆಯಾಗಿ ಬರೆದಿರುತ್ತದೆ. ಮುಂದಿನ ಪುಟ ಶುರುವಾಗುವುದು ಅದೇ ಪದದಿಂದ. ಇದಕ್ಕೆ ರಿಕಾಬಾ ಎನ್ನುತ್ತಾರೆ. ಕುದುರೆಯ ರಿಕಾಪು ಇದೆಯಲ್ಲ, ಅದೇ ಮಾತು. ಕಾಲಿಟ್ಟು ಮುಂದಿನ ಪುಟಕ್ಕೆ ಹತ್ತಬೇಕು! ಅರ್ಥ ಗೊತ್ತಿಲ್ಲದಿದ್ದರೂ ಆಕಾರ ಹೋಲಿಸಿ ಮೂರು ರಾತ್ರಿಯಲ್ಲಿ 31 ಹಾಳೆ ಜೋಡಿಸಿದೆ.

ಕೊನೆಯ ಹಾಳೆಯಲ್ಲಿ ಬರಹ ಕೆಳಗೆ ಇಳಿಯುತ್ತಾ ಲಾಳಿಕೆಯ ಹಾಗೆ ಕಿರಿದಾಗುತ್ತದೆ. ತುದಿಯಲ್ಲಿ ಹಿಜರಿ 1221 ಎಂದಿದೆ. ನೂರಕ್ಕೆ ಮೂರರಂತೆ ಕಳೆದು 622 ಕೂಡಿಸಿದರೆ ಹೆಚ್ಚುಕಡಿಮೆ ನಮ್ಮ ಇಸವಿ ಸಿಗುತ್ತದೆ. ಇದು 1806. ಮೊದಲ ಹಾಳೆಯ ಮೇಲೆ ‘ಯಾ ಕಬೀಕಜ್’ ಎಂದು ಬರೆದಿದೆ. ಹುಳ ಬರದಿರಲಿ ಎಂದು ಹುಳಗಳ ದೊರೆಗೆ ಇಟ್ಟ ಮೊರೆ ಅದು. ಹುಳ ಆ ಪದವನ್ನೇ ತೂತು ಮಾಡಿದೆ.

ಆಮೇಲೆ ಹುಚ್ಚು ಹತ್ತಿತು. ಮೋಸವನ್ನೂ ಹೋದೆ. ಒಂದು ಪ್ರದರ್ಶನದಲ್ಲಿ ಬೇಟೆಗೆ ಹೊರಟ ಬಾದಶಹನ ಚಿತ್ರವಿದ್ದ ಹಾಳೆಗೆ 6,000 ರೂಪಾಯಿ ಕೊಟ್ಟೆ. ಚಾಚಾ ಓದಿ ನಕ್ಕರು. ಬರಹ ಇದ್ದದ್ದು ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ಕ್ರಮದ ಬಗ್ಗೆ! ಹಳೇ ಹಾಳೆಯ ಮೇಲೆ ಹೊಸ ಚಿತ್ರ ಬರೆದು ಮಾರುವ ದಂಧೆ ದೊಡ್ಡದಿದೆ. ಭೂತಗನ್ನಡಿ ಹಿಡಿದು ನೋಡಿದೆ. ಕುದುರೆಯ ಹೊಟ್ಟೆಯ ಹತ್ತಿರ ಒಂದು ಹುಳದ ತೂತು. ನೀಲಿ ಬಣ್ಣ ಆ ತೂತಿನ ಅಂಚಿನೊಳಗೆ ಇಳಿದಿತ್ತು. ಅಂದರೆ ಹುಳ ಮೊದಲು ಬಂದಿದೆ, ಚಿತ್ರ ಆಮೇಲೆ.

ಕಲ್ಲಚ್ಚಿನ ಹಾಳೆಯನ್ನು ಕೈಬರಹ ಎಂದು ಮಾರುವವರೂ ಇದ್ದಾರೆ. ಕೈಬರಹವಾದರೆ ಶಾಯಿ ಒಂದು ಕಡೆ ತೆಳು, ಗೆರೆಯ ತುದಿಯಲ್ಲಿ ದಟ್ಟ. ಅಚ್ಚಿನಲ್ಲಿ ಎಲ್ಲ ಒಂದೇ ಸಮ. ಕೈಬರಹದ ಹಾಳೆಯನ್ನು ಬೆಳಕಿಗೆ ಓರೆ ಹಿಡಿದರೆ ಸಾಲಿನಡಿ ಸಣ್ಣ ತಗ್ಗುಗೆರೆ ಕಾಣಬಹುದು. ದಾರ ಬಿಗಿದ ರಟ್ಟಿನ ಮೇಲೆ ಕಾಗದ ಒತ್ತಿ ಮೂಡಿಸಿದ ಗೆರೆ ಅದು. ಪೆನ್ಸಿಲ್ ಬೇಕಿರಲಿಲ್ಲ.

ದುಬೈನಲ್ಲಿರುವ ಗೆಳೆಯ ‘ನನಗೂ ಒಂದು ಕಳಿಸೋ’ ಎಂದ. ಆಗುವುದಿಲ್ಲ ಎಂದೆ. 75 ವರ್ಷ ದಾಟಿದ ಬೆಲೆಯುಳ್ಳ ಹಸ್ತಪ್ರತಿಯನ್ನು 1972ರ ಕಾಯ್ದೆ ಪ್ರಾಚೀನ ವಸ್ತು ಎನ್ನುತ್ತದೆ, ನಾವು ನೀವು ಅದನ್ನು ದೇಶದಾಚೆ ಕಳಿಸುವಂತಿಲ್ಲ. ಇನ್ನು ರದ್ದಿಯಲ್ಲಿ ಕುರಾನಿನ ಹಾಳೆ ಬಂದರೆ ನಾನು ಇಟ್ಟುಕೊಳ್ಳುವುದಿಲ್ಲ, ಚಾಚಾನ ಕೈಗೆ ಕೊಡುತ್ತೇನೆ. ಜೀರ್ಣವಾದ ಹಾಳೆಯನ್ನು ಮರ್ಯಾದೆಯಿಂದ ಮಣ್ಣು ಮಾಡುವ ಪದ್ಧತಿ ಅವರಲ್ಲಿದೆ.

ಬಿಡಿ ಹಾಳೆ ಕೊಳ್ಳುವುದನ್ನೂ ಈಗ ಬಿಟ್ಟಿದ್ದೇನೆ. ಒಬ್ಬ ವ್ಯಾಪಾರಿ ಹೊಲಿಗೆ ಗಟ್ಟಿಯಿದ್ದ ಇಡೀ ಪುಸ್ತಕ ತೋರಿಸಿ, ‘ಪೂರ್ತಿ ಯಾಕ್ರೀ? ಬಂಗಾರದ ಹಾಳಿ ಎರಡು ತೆಗೆದು ಕೊಡ್ತೀನಿ’ ಎಂದು ಬ್ಲೇಡ್ ತೆಗೆದ. ಹರಿದ ಪುಸ್ತಕ ಹೊಲಿದು ಹೊಟ್ಟೆ ಹೊರೆಯುವವನು ನಾನು. ಎದ್ದು ಬಂದೆ. ಈಗ ತರುವುದು ತಾನಾಗಿಯೇ ಬಿಚ್ಚಿಹೋದ ಕಟ್ಟುಗಳನ್ನು ಮಾತ್ರ. ತಂದು ಜೋಡಿಸುತ್ತೇನೆ.

ಆ ಗುಲಿಸ್ತಾನಿನ ಮಧ್ಯೆ ಇನ್ನೂ ಒಂದು ಕಡೆ ಖಾಲಿ ಇದೆ. ಅಲ್ಲಿನ ರಿಕಾಬಾ ಫೋಟೋ ಫೋನಿನಲ್ಲಿಟ್ಟುಕೊಂಡು ರದ್ದಿ ಅಂಗಡಿ ಸುತ್ತುತ್ತೇನೆ. ಪದ ‘ಹಿಕಾಯತ್’, ಅಂದರೆ ಕಥೆ. ಸಿಕ್ಕಿತು ಎಂದು ಎರಡು ಸಲ ಚಾಚಾನ ಮನೆಗೆ ಓಡಿದ್ದೂ ಆಯಿತು. ‘ಇದು ಬ್ಯಾರೆ ಕಥಿ ಐತಿ’ ಎಂದರು. ಗುಲಿಸ್ತಾನಿನ ಪ್ರತಿ ಕಥೆಯ ತಲೆಯ ಮೇಲೂ ಕೆಂಪು ಶಾಯಿಯಲ್ಲಿ ಅದೇ ಪದ ಇರುತ್ತದಂತೆ.